ಸಾವಿನ ಗಂಟೆ ಮತ್ತು ನಮ್ಮ ಎದುರುಮನೆಯ ಅಯ್ಯನವರು

ಇವತ್ತು ಬೆಳಿಗ್ಗೆ ನಮ್ಮ ಬೀದಿ ಕೊನೆಯ ಚರ್ಚಿನ ಗಂಟೆ ಬಡಿಯಿತು. ಗಂಟೆ ಅಂದೆನಲ್ಲ, ಈಗ ಅದು ಧ್ವನಿವರ್ಧಕದಿಂದ ಬರುವ ಗಂಟೆಯ ಸದ್ದು. ಬಿಟ್ಟು ಬಿಟ್ಟು ನಿಧಾನವಾಗಿ ಬಂದರೆ ಯಾರೋ ತೀರಿಕೊಂಡಿದ್ದಾರೆ ಎಂದರ್ಥ. ಆ ಸದ್ದು ಕೇಳಿದರೆ ನಾನು ಕಿಟಕಿ ಮುಚ್ಚಿಬಿಡುತ್ತೇನೆ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ಎಪ್ಪತ್ತರ ದಶಕದ ಕೊನೆ. ಗದಗಿನ ಕಡೆಯಿಂದ ಬಂದು ಯಶವಂತಪುರದ ಕಾರ್ಖಾನೆಯೊಂದನ್ನು ಸೇರಿ, ಸಂಜಯನಗರದಲ್ಲಿ ಅವ್ವನ ಜೊತೆ ಮನೆ ಮಾಡಿದ್ದೆ. ಎದುರಿಗೇ ಆ ಚರ್ಚಿನ ಪಾದ್ರಿಗಳ ಮನೆ. ಎಲ್ಲರೂ ಅವರನ್ನು ಅಯ್ಯನವರು ಅನ್ನುತ್ತಿದ್ದರು. ನಮ್ಮ ಕಡೆ ಅಯ್ಯನವರು ಎಂದರೆ ವಿಭೂತಿ ಹಚ್ಚಿದ ಜಂಗಮರು. ಪ್ಯಾಂಟು ತೊಟ್ಟ ಅಯ್ಯನವರನ್ನು ಅವ್ವ ಮೊದಲು ನೋಡಿದ್ದು ಇಲ್ಲೇ. ಭಾನುವಾರ ಸಂಜೆ ಅವರ ಜಗಲಿಯಲ್ಲಿ ಧರ್ಮ, ತತ್ವ, ಸಮಾಜ ಎಂದು ನಮ್ಮ ಹರಟೆ. ನಾನಾಗ ದೊಡ್ಡ ವಿಚಾರವಾದಿ, ಅಂದರೆ ಕಾಫಿ ಕೊಟ್ಟವರ ಜೊತೆಗೇ ವಾದಕ್ಕೆ ಇಳಿಯುವವನು. ದೇವರಿದ್ದಾನೆಂದು ಸಾಬೀತು ಮಾಡಿ ಎಂದು ಪಟ್ಟು ಹಿಡಿದರೆ ಅವರು ನಗುತ್ತಿದ್ದರು.

"ದೇವರ ಬಗ್ಗೆ ನಂಗೂ ಅನುಮಾನ ಬರುತ್ತೆ ಕಣ್ರೀ. ಪಕ್ಕದ್ಮನೇಲಿ ಸಾವಾಗಿದೆ ಅನ್ನೋದ್ರಲ್ಲಿ ಏನ್ ಅನುಮಾನ? ಮೊದ್ಲು ಅಲ್ಲಿಗ್ ಹೋಗೋಣ."

ಬರೀ ಮಾತಲ್ಲ. ಬೀದಿಯಲ್ಲಿ ಯಾವ ಜಾತಿಯವರು ಸತ್ತರೂ, ಮನೆಯವರನ್ನು ಕೇಳಿಕೊಂಡು, ತಾವೇ ಹೋಗಿ ಸಾವಿನ ಗಂಟೆ ಬಾರಿಸುತ್ತಿದ್ದರು. ಜನ ಹೊರಗೆ ಬಂದು, ಯಾರೆಂದು ವಿಚಾರಿಸಿ, ಆ ಮನೆಗೆ ನಡೆಯುತ್ತಿದ್ದರು. ಅವ್ವನಿಗೆ ಅದೇ ಧೈರ್ಯ. "ಈ ಊರಾಗ ನಮ್ಮ ಮಂದಿ ಯಾರದಾರಪಾ? ನಾ ಸತ್ರ ಅಯ್ನಾರಿಗೆ ಗಂಟಿ ಬಾರಸಾಕ ಹೇಳು. ನಾಕ ಮಂದಿಯಾರ ಬರ್ಲಿ" ಅನ್ನುತ್ತಿದ್ದಳು.

ಸದಸ್ಯರಲ್ಲದವರಿಗೆ ನಮ್ಮ ಗಂಟೆ ಯಾಕೆ ಎಂದರು ಚರ್ಚಿನ ಹಿರಿಯರು. ನಮ್ಮ ಹೆಣಕ್ಕೆ ಅವರ ಗಂಟೆ ಯಾಕೆ ಎಂದರು ಬೀದಿಯ ಹಿರಿಯರು. ಎರಡೂ ಕಡೆಯವರು ಒಮ್ಮತಕ್ಕೆ ಬಂದದ್ದು, ನನಗೆ ನೆನಪಿರುವಂತೆ, ಇದೊಂದರಲ್ಲೇ. ಗಂಟೆಯ ಹಗ್ಗವಿದ್ದ ಕೋಣೆಗೆ ಬೀಗ ಬಿತ್ತು. ಕೀಲಿ ಹಿರಿಯರೊಬ್ಬರ ಮನೆ ಸೇರಿತು.

ಆ ವರ್ಷವೇ ಅವ್ವ ಹೋದಳು. ಅಯ್ಯನವರು ಕೀಲಿ ಕೇಳಲು ಓಡಿದರು. ಬರಿಗೈಯಲ್ಲಿ ಬಂದು, "ಕೊಡ್ಲಿಲ್ಲ ಕಣ್ರೀ" ಎಂದು ಅವ್ವನ ಪಕ್ಕ ಕೂತರು. ಕಾರ್ಖಾನೆಯ ಗೆಳೆಯರು ಬರುವವರೆಗೆ ಅವಳ ಹತ್ತಿರ ಇದ್ದದ್ದು ನಾವಿಬ್ಬರೇ. ಬೀದಿಯವರು ಯಾರೂ ಬರಲಿಲ್ಲ. ಅಯ್ಯನವರು ಹೆಗಲು ಕೊಟ್ಟರು. ಹೆಬ್ಬಾಳದ ಕಡೆ ಮಣ್ಣು ಮಾಡಿ ಬರುವಾಗ, "ಇಷ್ಟ್ ವರ್ಷ ನಾನ್ ಹೇಳಿದ್ದು ಯಾರ್ ಕಿವಿಗೂ ಬಿದ್ದಿಲ್ಲ" ಎಂದರು. ಆಮೇಲೆ ಜಗಲಿಯ ಹರಟೆ ನಿಂತೇಹೋಯಿತು. ಸ್ವಲ್ಪ ದಿನಕ್ಕೆ ಅವರನ್ನು ದೂರದ ಊರಿಗೆ ವರ್ಗ ಮಾಡಿದರು. ಆ ಸಂಕಟ ನನಗಿನ್ನೂ ಆರಿಲ್ಲ.

ನನಗೂ ಈಗ ಅವ್ವನ ವಯಸ್ಸು. ಇವತ್ತು ಕಿಟಕಿ ಮುಚ್ಚಲು ಮನಸ್ಸಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಚರ್ಚಿನ ಗೇಟಿನವರೆಗೆ ಹೋದೆ.

"ಯಾರಪ್ಪಾ ಹೋಗಿದ್ದು?" ಎಂದು ವಾಚ್‌ಮನ್‌ನನ್ನು ಕೇಳಿದೆ.

"ಗೊತ್ತಿಲ್ಲ ಸಾರ್. ಸ್ವಿಚ್ ಹಾಕು ಅಂದ್ರು, ಹಾಕ್ದೆ."

ಸದ್ದು ನಿಲ್ಲುವವರೆಗೂ ಅಲ್ಲೇ ನಿಂತಿದ್ದೆ. ಬೀದಿಯಲ್ಲಿ ಬೇರೆ ಯಾರೂ ಹೊರಗೆ ಬಂದಿರಲಿಲ್ಲ.