ಐವತ್ತೇ ನಿಮಿಷದ ದಾರಿ

ಮೊನ್ನೆ ಮೊಮ್ಮಗಳು ಚೆನ್ನೈಗೆ ಹೊರಟಿದ್ದಳು. ಫೋನಿನಲ್ಲಿ ವಿಮಾನದ ಟಿಕೆಟ್ಟು ತೋರಿಸಿ, "ಬೆಂಗಳೂರಿಂದ ಒಂದು ಗಂಟೆಯೂ ಇಲ್ಲ ತಾತ, ಹತ್ತಿ ಇಳಿಯೋದಷ್ಟೇ" ಎಂದಳು. ತಲೆಯಾಡಿಸಿ ಹಿತ್ತಲಿಗೆ ಹೋದೆ. ಅವಳು ಹುಟ್ಟುವ ಮೊದಲೇ ಆ ಲೆಕ್ಕ ನನಗೆ ಬಾಯಿಪಾಠವಾಗಿತ್ತು.

ತೊಂಬತ್ತರ ದಶಕದಲ್ಲಿ ನಾನು ಪಾಂಡವಪುರದಲ್ಲಿ ಡ್ರಿಲ್ ಮೇಷ್ಟ್ರು. ಸೀಟಿ ಊದಿದರೆ ಮಕ್ಕಳು ಸಾಲಾಗಿ ನಿಲ್ಲುತ್ತಿದ್ದರು. ಲೋಕವೂ ಹಾಗೇ ನಿಲ್ಲುತ್ತದೆಂದು ತಿಳಿದಿದ್ದೆ. ಬಸ್ಸು, ರೈಲಿನ ವೇಳಾಪಟ್ಟಿಗಳನ್ನು ಪೇಪರಿನಿಂದ ಕತ್ತರಿಸಿ ಬೀರುವಿನ ಬಾಗಿಲ ಒಳಗೆ ಅಂಟಿಸುವುದು ನನ್ನ ಚಟ. ನಗಬೇಡಿ, ವಿಮಾನದ್ದೂ ಇತ್ತು. ನಾನೇನು ಹತ್ತಿದವನಲ್ಲ. ಮದ್ರಾಸಿನಿಂದ ಬೆಂಗಳೂರಿಗೆ ಐವತ್ತೇ ನಿಮಿಷ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ, ಅಷ್ಟೆ.

ತಂಗಿ ಸಾವಿತ್ರಿ ಗಂಡನ ಜೊತೆ ಮದ್ರಾಸಿನಲ್ಲಿದ್ದಳು. ಒಂದು ಬೆಳಗಿನ ಜಾವ ಅವ್ವ ತೀರಿಕೊಂಡಳು. ಊರಿನ ಬೂತಿನವನನ್ನು ಎಬ್ಬಿಸಿ ಆರು ಗಂಟೆಗೆ ಫೋನು ಮಾಡಿದೆ. ಸಾವಿತ್ರಿ ಅತ್ತಳು. ಆಮೇಲೆ, "ಆರೂವರೆಗೆ ಬಸ್ಸದೆ ಕಣಣ್ಣ, ಈಗ್ಲೇ ಹತ್‌ಬುಡ್ತೀನಿ" ಎಂದಳು.

"ಬಸ್ಸು ಬ್ಯಾಡ ಕಣವ್ವ, ಸಂಜೆ ಆಗೋಯ್ತದೆ. ವಿಮಾನದಲ್ಲಿ ಬಾ. ಎರಡಕ್ಕೆಲ್ಲ ಅವ್ವನ್ ಮುಂದೆ ಇರ್ತೀಯ."

"ಅದೆಲ್ಲ ನಂಗೆ ಗೊತ್ತಾಗಕಿಲ್ಲ ಕಣಣ್ಣ."

"ನಾನ್ ಹೇಳ್ತಾವ್ನಲ್ಲ, ಬಾ."

ಹೆಣ ಎತ್ತುವ ತನಕ ನಮ್ಮ ಕೇರಿಯಲ್ಲಿ ಯಾರೂ ಒಲೆ ಹಚ್ಚುವುದಿಲ್ಲ. ಎರಡಾಯಿತು, ನಾಲ್ಕಾಯಿತು. ಅಕ್ಕಪಕ್ಕದ ಮನೆಗಳಲ್ಲಿ ಹಸಿದ ಮಕ್ಕಳ ಅಳು. ದೊಡ್ಡಪ್ಪನ ಮಗ ಜವರಣ್ಣ ಜಗುಲಿಯಿಂದಲೇ ಕೂಗಿದ: "ಎಲ್ಲಿಗ್ ಬಂತ್ಲಾ ಮೇಷ್ಟ್ರೆ ನಿನ್ ವಿಮಾನ? ಕೈ ಅಡ್ಡ ಹಾಕುದ್ರೆ ನಿಲ್ಲಾಕೆ ಅದೇನ್ ಕೆ.ಆರ್.ಎಸ್. ಬಸ್ಸಾ?" ಯಾರೂ ನಗಲಿಲ್ಲ. ಐದೂವರೆಗೆ ಅವನೇ ಹತ್ತಿರ ಬಂದು, ದನಿ ತಗ್ಗಿಸಿ, "ಹೊತ್ ಮುಳುಗ್ತದೆ ಕಣ್ಲಾ, ಇನ್ ಕಾಯಾದ್ ಬ್ಯಾಡ" ಎಂದ. ಅವ್ವನನ್ನು ಎತ್ತಿದೆವು. ಗದ್ದೆಯ ಅಂಚಿನಲ್ಲಿ ಮಣ್ಣು ಮಾಡಿದೆವು.

ಸಾವಿತ್ರಿ ಬಂದಾಗ ಎಂಟು ಗಂಟೆ. ಬೆಳಗಿನ ವಿಮಾನ ತುಂಬಿತ್ತಂತೆ. ಮಧ್ಯಾಹ್ನದ್ದರಲ್ಲಿ ಸೀಟು ಸಿಗುವ ತನಕ ನಿಲ್ದಾಣದ ಕುರ್ಚಿಯಲ್ಲೇ ಕೂತಿದ್ದಳಂತೆ. ಇಳಿದ ಮೇಲೆ ಬೆಂಗಳೂರನ್ನೆಲ್ಲ ದಾಟಿ ನಮ್ಮ ಕಡೆಯ ಬಸ್ಸು ಹಿಡಿಯಬೇಕಿತ್ತು. ನಾನು ಹಾರುವ ಹೊತ್ತನ್ನಷ್ಟೇ ಎಣಿಸಿದ್ದೆ. ನಾನು ಬೇಡವೆಂದ ಬಸ್ಸಿನಲ್ಲಿ ಬಂದಿದ್ದರೆ ಐದು, ಐದೂಕಾಲಕ್ಕೆಲ್ಲ ಮನೆಯಲ್ಲಿರುತ್ತಿದ್ದಳು. ಅವ್ವ ಆಗಿನ್ನೂ ಪಡಸಾಲೆಯಲ್ಲೇ ಇದ್ದಳು.

ಬೈಯಲಿ ಎಂದು ಕಾದೆ. ಅವಳು ಕಂಬಕ್ಕೊರಗಿ ಕೂತು, ನನ್ನ ಮುಖ ನೋಡದೆ, "ನೀನಂದಿದ್ದು ದಿಟ ಕಣಣ್ಣ. ಮ್ಯಾಕ್ ಹೋದ್ಮ್ಯಾಲೆ ಐವತ್ತೇ ನಿಮ್ಸ" ಎಂದಳು. ಆ ಮಾತನ್ನು ಮತ್ತೆ ಎತ್ತಲಿಲ್ಲ. ನಾನೂ ಕ್ಷಮಿಸು ಎನ್ನಲಿಲ್ಲ. ಡ್ರಿಲ್ಲಿನಲ್ಲಿ ಅಂಥದ್ದೊಂದು ಪಾಠವಿರಲಿಲ್ಲ.

ವರ್ಷಕ್ಕೊಮ್ಮೆ ಬರುತ್ತಾಳೆ, ಬಸ್ಸಿನಲ್ಲೇ. ಬಂದವಳು ಕಾಲು ತೊಳೆಯುವ ಮೊದಲೇ ಗದ್ದೆಯ ಕಡೆ ನಡೆಯುತ್ತಾಳೆ. ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟ ಇಂದಿಗೂ ಸರಿಯಾಗಿ ಒಂದು ಗಂಟೆಗೆ, ಅವಳು ಬಂದ ದಿನವೊಂದನ್ನು ಬಿಟ್ಟು. ಅಂದು ಎರಡಾಗಲಿ, ಮೂರಾಗಲಿ, ಅವಳು ಗದ್ದೆಯಿಂದ ಬರುವ ತನಕ ತಟ್ಟೆಯ ಮುಂದೆ ಕೂತಿರುತ್ತೇನೆ. ಸಾರು ಆರಿಹೋಗುತ್ತದೆ. ಕರೆಯಲು ಯಾರನ್ನೂ ಕಳಿಸುವುದಿಲ್ಲ.