ಅರೀತು ಕಣಜ್ಜಿ

ನನ್ನ ಮೊಮ್ಮಗಳ ಎಣ್ಣೆ ಹರಿಯಿತು. ಮೊನ್ನೆ ಬೆಳಗ್ಗೆ ಮೈಸೂರಿನ ಅವಳ ಪ್ರಯೋಗಾಲಯದಲ್ಲಿ, ಡಾಂಬರಿನಂಥ ಕಚ್ಚಾ ಎಣ್ಣೆ ಕೊಳವೆಯ ಈ ತುದಿಯಿಂದ ಆ ತುದಿಗೆ ಎಲ್ಲೂ ನಿಲ್ಲದೆ ಸಾಗಿತು. ಅವಳ ಮೇಡಮ್ಮು ನಿಂತು ನೋಡಿ, ಇನ್ನು ಪ್ರಬಂಧ ಬರೆದುಕೊಡು, ನೀನು ಡಾಕ್ಟರಾದ ಹಾಗೆಯೇ ಅಂದರಂತೆ. ಸೂಜಿ ಚುಚ್ಚುವ ಡಾಕ್ಟರಲ್ಲ, ಓದಿನ ಡಾಕ್ಟರು. ಈ ಮಾತನ್ನು ಡೇರಿಯಲ್ಲಿ, ನಾಲೆಯ ಸೋಪಾನದ ಮೇಲೆ, ಪಾಂಡವಪುರದ ಬಸ್ಸು ಕಾಯುವವರ ಹತ್ತಿರ ಹೇಳಿ ಬಂದಿದ್ದೇನೆ. ಕೇಳದವರಿಗೂ ಹೇಳಿದ್ದೇನೆ. ಇನ್ನು ಬರೆದೂ ಇಡುತ್ತೇನೆ. ನಾಲ್ಕನೇ ಕ್ಲಾಸಿಗೆ ಓದು ಬಿಟ್ಟವಳು ನಾನು, ಒತ್ತು ದೀರ್ಘ ತಪ್ಪಿದ್ದರೆ ಓದುವವರೇ ಸರಿಮಾಡಿಕೊಳ್ಳಲಿ.

ಆದರೆ ಅವಳು ಫೋನು ಮಾಡಿ ಈ ಸುದ್ದಿ ಹೇಳಿದಾಗ ನಾನು ಅಳುವುದಕ್ಕೆ ಶುರುಮಾಡಿದ್ದೆ. ಅದು ಯಾಕೆಂದು ಹೇಳಬೇಕಾದರೆ ನಮ್ಮ ಎಂಜಿನ್ ಮನೆಯಿಂದ ಬರಬೇಕು.

ಕಬ್ಬಿನ ಗದ್ದೆಯ ಮೂಲೆಯಲ್ಲಿರುವ ಆ ಗುಡಿಸಲಿನಲ್ಲಿ ಹಿಂದೆ ಬಾವಿ ನೀರೆತ್ತುವ ಡೀಸೆಲ್ ಎಂಜಿನ್ನು ಇತ್ತು. ಅದು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಅದು ಸುರಿಸಿದ ಎಣ್ಣೆ ಕುಡಿದ ನೆಲ ಮಾತ್ರ ಇವತ್ತಿಗೂ ಕಪ್ಪಗಿದೆ, ಗರಿಕೆಯೂ ಹುಟ್ಟುವುದಿಲ್ಲ. ನನ್ನ ಯಜಮಾನರ ಪಂಚೆಗೆ ಹತ್ತಿದ ಆ ಜಿಡ್ಡನ್ನು ಸೀಗೆಪುಡಿ ಹಾಕಿ ಕಲ್ಲಿಗೆ ಬಡಿದು ಬಡಿದು ನನ್ನ ರಟ್ಟೆ ಬಿದ್ದುಹೋಗುತ್ತಿತ್ತು. ಅಂಥ ಮಣ್ಣನ್ನು ಮೊಮ್ಮಗಳು ಒಂದು ದಿನ ಚಮಚದಲ್ಲಿ ಕೆರೆದು ಕೆರೆದು ಕವರಿಗೆ ತುಂಬುತ್ತಿದ್ದಳು.

“ಅದ್ಯಾಕವ್ವ ಆ ಹಾಳ್ ಮಣ್ಣು?” ಅಂದೆ.

“ಇದ್ರೊಳಗೆ ಕಣ್ಣಿಗೆ ಕಾಣ್ದಿರೋ ಜೀವ ಅವೆ ಅಜ್ಜಿ. ಎಣ್ಣೆ ತಿಂದ್ಕಂಡೇ ಬದುಕ್ತವೆ. ಜಿಡ್ಡು ಅವುಕ್ಕೆ ಸುಲಭ್ವಾಗಿ ಸಿಗಲ್ಲ, ಅದ್ಕೆ ಅವೇ ಸೋಪು ಮಾಡ್ಕತವೆ.”

“ಊಟಕ್ಕೆ ಮುಂಚೆ ಸೋಪಾ? ನಿಮ್ ತಾತುಂಗೂ ಒಸಿ ಕಲಿಸ್ಲಿ ಅವು.”

ಆ ಜೀವಗಳನ್ನು ಅವಳು ಮೈಸೂರಿನಲ್ಲಿ ಸಾಕಿದಳು. ಸಕ್ಕರೆ ಮಾಡಿದ ಮೇಲೆ ಉಳಿಯುತ್ತದಲ್ಲ ಕಾಕಂಬಿ, ಅದನ್ನು ನೀರಿಗೆ ಕಲಸಿ ಉಣಿಸಿದಳು. ಅವು ಉಂಡು ನೊರೆ ಬಿಟ್ಟವು. ಆ ನೊರೆನೀರೇ ಅವಳ ಸೋಪು. ಕೆಲವು ದೇಶಗಳಲ್ಲಿ ನೆಲದಿಂದ ಬರುವ ಎಣ್ಣೆ ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸುವ ಹೊತ್ತಿನ ಪಾಕದಷ್ಟು ಗಟ್ಟಿಯಂತೆ. ಕೊಳವೆಯಲ್ಲಿ ಕಳಿಸಬೇಕಾದರೆ ದಾರಿಯುದ್ದಕ್ಕೂ ಕಾಯಿಸಬೇಕು, ಇಲ್ಲವೇ ದುಬಾರಿಯ ತೆಳ್ಳನೆ ಎಣ್ಣೆ ಸೇರಿಸಬೇಕು. ಇವಳು ಹಾಕುವುದು ತನ್ನ ಸೋಪು ಮತ್ತು ನೀರು.

ನೀರು ಅಂದ ಕೂಡಲೇ ನನ್ನ ಯಜಮಾನರ ಕಿವಿ ನೆಟ್ಟಗಾಯಿತು. ಅವರು ಜೀವಮಾನವೆಲ್ಲ ಡೇರಿಗೆ ಹಾಲು ಹಾಕಿದವರು. ಅವರ ಕ್ಯಾನಿನ ಮೇಲೆ ಯಾರೂ ಒಂದು ಮಾತು ಆಡಿದ್ದಿಲ್ಲ.

“ನೀರ್ ಬೆರ್ಸೋದ್ ಕಲಿಯಕ್ಕೆ ಇಷ್ಟ್ ವರ್ಸ ಓದ್ಬೇಕಾ? ಡೇರಿಲಿ ನೀರ್ ಬೆರ್ಸಿದ್ರೆ ಕ್ಯಾನ್ ವಾಪಸ್ ಕಳುಸ್ತರೆ, ನಿನ್ಗೆ ಡಾಕ್ಟ್ರು ಅಂತ ಕೊಡ್ತರಾ?”

“ಬೆರ್ಸಿದ್ ನೀರ ಆಮೇಕೆ ನಾನೇ ವಾಪಸ್ ತಗೀತೀನಿ ತಾತ.”

“ಅಂಗ್ ತಗ್ಯಂಗಿದ್ರೆ ನಮ್ಮೂರಲ್ಲಿ ಎಲ್ರೂ ಸಾವ್ಕಾರ್ರಾಗ್ಬುಡೋರು.”

ಅಂದಿನಿಂದ ಅವಳಿಗೆ ಅವರಿಟ್ಟ ಹೆಸರು ನೀರ್ ಬೆರ್ಸೋಳು. ಅವಳು ನಕ್ಕಳು. ಸೋಪು ಎಣ್ಣೆಯನ್ನು ಸಣ್ಣ ಸಣ್ಣ ಹನಿ ಮಾಡಿ ನೀರಿನಲ್ಲಿ ತೇಲಿಸುತ್ತದೆ, ಆಗ ಅದು ಕೊಳವೆಗೆ ಕಚ್ಚಿಕೊಳ್ಳುವುದಿಲ್ಲ, ಆ ಕಡೆ ಮುಟ್ಟಿದ ಮೇಲೆ ಬಿಸಿ ತಾಗಿಸಿ ನಿಲ್ಲಲು ಬಿಟ್ಟರೆ ನೀರು ಬೇರೆಯಾಗುತ್ತದೆ ಎಂದು ಅವಳು ನನಗೆ ಹೇಳಿದ್ದು ಕಡ್ಲೆಕಾಯಿ ಸುಲಿಯುತ್ತಾ.

ಲೋಟದಲ್ಲಿ ಎಲ್ಲ ಸರಿ ಬಂತು. ಕೊಳವೆಯಲ್ಲಿ ಬರಲಿಲ್ಲ. ಮೊದಲ ಸಲ ಪಂಪು ಹಾಕಿದಾಗ ನೀರು ಬೇರೆ, ಎಣ್ಣೆ ಬೇರೆಯಾಗಿ, ಎಣ್ಣೆ ನಡುವೆ ಕಟ್ಟಿಕೊಂಡು, ರಬ್ಬರ್ ಪೈಪು ಹರಿದು ಅಲ್ಲಿದ್ದವರ ಬಟ್ಟೆಯೆಲ್ಲ ಕಪ್ಪಾಯಿತಂತೆ. “ಅರ್ದೋಯ್ತು ಅಜ್ಜಿ” ಅಂತ ಫೋನಿನಲ್ಲಿ ಬಿಕ್ಕಿದಳು. ಮೇಡಮ್ಮು ಇನ್ನೊಂದೇ ಸಲ ನೋಡೋಣ ಅಂದಿದ್ದರು. ಆಗಲೂ ಹರಿಯದಿದ್ದರೆ ಈ ಕೆಲಸ ಬಿಟ್ಟು ಬೇರೆ ವಿಷಯ ಹಿಡಿದು ಮೊದಲಿನಿಂದ ಓದಬೇಕು. ಅಂದರೆ ಅಷ್ಟು ವರ್ಷದ ಶ್ರಮವೆಲ್ಲ ಹೋದಂತೆ. ಅವಳು ಊರಿಗೆ ಬಂದಾಗ, ಎಣ್ಣೆ ಹತ್ತಿ ಕಪ್ಪಾಗಿದ್ದ ಅವಳ ಪ್ರಯೋಗಾಲಯದ ಬಿಳಿ ಕೋಟನ್ನು ನಾನೇ ಸೀಗೆಪುಡಿ ಹಾಕಿ ಒಗೆದೆ. ಅವಳು ಕಲ್ಲಿನ ಪಕ್ಕ ಮಂಕಾಗಿ ಕುಳಿತಿದ್ದಳು. ನನಗೇನೋ ಅವಳ ಮೇಲೆ ಒಂದು ಚೂರೂ ಅನುಮಾನವಿರಲಿಲ್ಲ. ಹೊಟ್ಟೆ ತುಂಬ ಉಣಿಸಿ ಕಳಿಸಿದೆ.

ವಾಪಸು ಹೋಗಿ ಅವಳೇ ತಪ್ಪು ಹುಡುಕಿದಳು. ನೀರಿನಲ್ಲಿ ಉಪ್ಪು ಹೆಚ್ಚಾಗಿ ಸೋಪು ಸೋತಿತ್ತಂತೆ, ಬೋರಿನ ಗಡಸು ನೀರಿಗೆ ಸೋಪು ನೊರೆ ಬರುವುದಿಲ್ಲವಲ್ಲ, ಹಾಗೆ. ನೀರು ಬದಲಾಯಿಸಿದಳು, ಸೋಪಿನ ಅಳತೆ ತಿದ್ದಿದಳು.

ಮೊನ್ನೆ ಬೆಳಗ್ಗೆ ನಾನು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದೆ. ಮಗ ಬಂದು ಫೋನನ್ನು ನನ್ನ ಕಿವಿಗೆ ಹಿಡಿದ.

“ಅಜ್ಜಿ, ಅರೀತು.”

ನಾನು ಹಸುವಿನ ಮೇವಿನ ಗೊಂತಿಗೆ ಒರಗಿ ಕುಳಿತುಬಿಟ್ಟೆ. ಕಣ್ಣಲ್ಲಿ ನೀರು ಬಂತು.

“ಓಗ್ಲಿ ಬುಡವ್ವ. ಪೈಪು ಇನ್ನೊಂದು ತಕ್ಕಳನ. ಕೋಟು ತತ್ತಾ, ನಾನ್ ಒಗ್ದ್ ಕೊಡ್ತೀನಿ.”

“ಪೈಪಲ್ಲ ಅಜ್ಜಿ, ಎಣ್ಣೆ ಅರೀತು.”

“ಎಣ್ಣೆ ಅದೆಂಗವ್ವ ಅರ್ದೋದದು?”

ಅವಳು ನಗುವುದು ಕೇಳಿಸಿತು. “ಅರ್ದೋಗ್ಲಿಲ್ಲ ಕಣಜ್ಜಿ. ನಾಲೆ ಅರ್ದಂಗೆ ಅರೀತು.”

ಬಟ್ಟೆಗೂ ಅದೇ ಮಾತು, ನೀರಿಗೂ ಅದೇ ಮಾತು. ಇಷ್ಟು ವಯಸ್ಸಾಗಿ ಅವತ್ತು ನನಗೆ ಹೊಳೆಯಿತು. ನಾನು ಅಳುತ್ತಲೇ ನಗುವುದನ್ನು ನೋಡಿ ಹಸು ತಲೆ ಎತ್ತಿತು.

ನನ್ನ ಯಜಮಾನರು ಸುದ್ದಿ ಕೇಳಿ ಹ್ಞೂಂ ಅಂದರು, ಅಷ್ಟೇ. ಕ್ಯಾನು ಎತ್ತಿಕೊಂಡು ಡೇರಿಗೆ ಹೋದವರು ಅಲ್ಲಿ ಸಾಲಿನಲ್ಲಿ ನಿಂತು, “ನಮ್ಮನೇಲಿ ನೀರ್ ಬೆರ್ಸಿದ್ದು ಕೊನೆಗೂ ಗೆದ್ಬುಡ್ತು ಕಣ್ರಲಾ” ಅಂದರಂತೆ. ಹಾಲು ಅಳೆಯುತ್ತಿದ್ದವನು ನೀರು ಪತ್ತೆಮಾಡುವ ಲ್ಯಾಕ್ಟೋಮೀಟರಿಗೆ ಕೈ ಹಾಕಿದನಂತೆ.

ಸಾಯಂಕಾಲ ಅವಳು ಬಂದಳು. ಬಸ್ಸಿನಿಂದ ಕರಿಘಟ್ಟದ ಬೆಟ್ಟ ಕಾಣಿಸಿದಾಗ ಫೋನು ಮಾಡುತ್ತಾಳೆ, ಆಗ ನಾನು ಮುದ್ದೆಗೆ ಎಸರಿಡುವುದು ನಮ್ಮ ರೂಢಿ. ಸೊಸೆ ನಾಟಿಕೋಳಿ ಸಾರು ಮಾಡಿದ್ದಳು. ತೆಂಗಿನ ಸೀಮೆ ನಾಗಮಂಗಲದ ಕಡೆಯವಳು, ಮಗಳು ಗೆದ್ದ ಸಂತೋಷಕ್ಕೆ ಕಾಯಿ ಕೈತುಂಬ ಹಾಕಿ ರುಬ್ಬಿಬಿಟ್ಟಿದ್ದಳು. ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಕುಳಿತೆವು. ಯಜಮಾನರು ಒಂದು ತುತ್ತು ಮುರಿದು ಸಾರಿಗೆ ಒತ್ತಿ ನೋಡಿದರು.

“ಸಾರು ಗಟ್ಟಿ ಅದೆ.”

ಸೊಸೆ ಬಿಸಿನೀರು ತರಲು ಎದ್ದಳು.

“ನೀನ್ ಕುತ್ಕಳವ್ವ. ನಮ್ಮನೇಲಿ ಅದ್ಕೇಂತ ಓದಿರೋರವ್ರೆ.”

ಮೊಮ್ಮಗಳು ಎದ್ದು ಹೋಗಿ ಬಿಸಿನೀರಿನ ಚೊಂಬು ತಂದು ಪಾತ್ರೆಗೆ ಸುರಿದು ಕದಡಿದಳು. “ಇದ್ರಲ್ಲಿ ಬೆರ್ಸಿದ್ದ ವಾಪಸ್ ತಗ್ಯಕಾಗಲ್ಲ ತಾತ.”

“ವಾಪಸ್ ಯಾರ್ ಕೇಳಿದ್ರು? ಬುಡು ನೀನು.”

ಅವಳು ಸೌಟು ಎತ್ತಿ ಮೊದಲು ಅವರ ತಟ್ಟೆಗೆ ಬಿಟ್ಟಳು. ಸಾರು ಮುದ್ದೆಯ ಸುತ್ತ ಹರಿಯಿತು. ಅವರು ತಲೆ ಬಗ್ಗಿಸಿ ಉಣ್ಣತೊಡಗಿದರು, ನಾವೂ ಉಂಡೆವು.