ತಲೆ ತಗ್ಗಿಸಿದರೆ ಉಳಿಯುವ ಸೆಕೆಂಡುಗಳು

ಲಾರಿಯ ಮುಂದಿನ ಗಾಲಿಗೂ ನನ್ನ ತಂಗಿಯ ತಲೆಗೂ ನಡುವೆ ಒಂದು ಮೊಳ ಜಾಗವಿತ್ತು. ಮಕ್ಕಳಿಗೆ ಟ್ಯೂಷನ್ ಹೇಳುವಾಗ ಈಗಲೂ ಆ ಒಂದು ಮೊಳ ಬೋರ್ಡಿನ ಮೇಲೆ ಬಂದು ನಿಲ್ಲುತ್ತದೆ. ಬರೆಯುತ್ತಿದ್ದ ಲೆಕ್ಕ ಮರೆತುಹೋಗುತ್ತದೆ.

ತಂಗಿಯದು ಟೈಮ್ ಟ್ರಯಲ್. ಗುಂಪಾಗಿ ಅಲ್ಲ, ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಸೈಕಲ್ ತುಳಿಯುವ ಪಂದ್ಯ. ಆ ಭಾನುವಾರ ರಾಯಚೂರಿನಲ್ಲಿ ಜಿಲ್ಲಾ ತಂಡದ ಆಯ್ಕೆಯಿತ್ತು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು, ಇದು ಬಿಟ್ಟರೆ ಇನ್ನಿಲ್ಲ. ಇಪ್ಪತ್ತು ಕಿಲೋಮೀಟರಿಗೆ ತಂಡ ಕೇಳುವ ಸಮಯಕ್ಕಿಂತ ಅವಳು ಒಂದು ನಿಮಿಷ ಹಿಂದಿದ್ದಳು. ಉಳಿದವರ ಸೈಕಲ್ಲಿನ ಒಂದು ಗಾಲಿಯ ಬೆಲೆಗೆ ಅವಳ ಇಡೀ ಸೈಕಲ್ಲು ಬರುತ್ತಿತ್ತು.

ಬಿ.ಎಸ್ಸಿ.ಯಲ್ಲಿ ನಾನು ಓದಿದ್ದು ಭೌತಶಾಸ್ತ್ರ. ವೇಗವನ್ನು ಕಾಲಿನ ಸೋಲಿಗಿಂತ ಹೆಚ್ಚಾಗಿ ತಡೆಯುವುದು ಎದುರು ಗಾಳಿ ಎಂದು ಅವಳಿಗೆ ಹೇಳಿಕೊಟ್ಟವಳೂ ನಾನೇ. ಸೈಕಲ್ಲಿನ ಸ್ಟ್ಯಾಂಡು, ಮಡ್‌ಗಾರ್ಡು ಬಿಚ್ಚಿಟ್ಟೆವು. ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದೆವು. ಬಟ್ಟೆ ಪಟಪಟ ಬಡಿಯಬಾರದೆಂದು ಪಕ್ಕದ ಮನೆಯ ಟೈಲರಮ್ಮ ಅವಳ ಟೀ ಶರ್ಟನ್ನು ಉಸಿರು ಕಟ್ಟುವಷ್ಟು ಬಿಗಿ ಮಾಡಿಕೊಟ್ಟರು. ಜಡೆ ಟೀ ಶರ್ಟಿನೊಳಗೆ ಹೋಯಿತು. ಮುಂದಕ್ಕೆ ಬಾಗಿ ಮೊಣಕೈ ಊರಲು ಹ್ಯಾಂಡಲಿಗೆ ಎರಡು ಕೊಳವೆ ಬೇಕಿತ್ತು. ನಮ್ಮೂರು ಮಾನ್ವಿಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ರಿಪೇರಿ ಮಾಡುವ ವೆಲ್ಡರ್ ಹತ್ತಿರ ಹೋದೆವು.

"ಇದೇನಬೇ, ಸೈಕಲ್ಲಿಗೆ ಕೊಂಬು ಹಚ್ಚಾಕ ಬಂದೀರಿ?" ಎಂದ.

"ಕೊಂಬಲ್ರೀ, ಮೊಣಕೈ ಇಡಾಕ," ಎಂದೆ.

"ಹಂಗಾದ್ರ ಒಂದು ತಲಿದಿಂಬೂ ತರ್ರಿ, ಮಲಕೊಂಡೇ ಹೋಗ್ಲಿ. ಮತ್ತ ಬ್ರೇಕ್ ಹಿಡಿಯಾಕ ಮೂರನೇ ಕೈ ಎಲ್ಲಿಂದ ತರ್ತಾಳ?"

ಮೂವರೂ ನಕ್ಕೆವು. ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ ಮೊಣಕೈ ಕೆಳಗೆ ಮೆತ್ತೆ ಮಾಡಿದೆವು.

ಇಷ್ಟಾದರೂ ಆ ಒಂದು ನಿಮಿಷದಲ್ಲಿ ಇನ್ನೂ ಇಪ್ಪತ್ತು ಸೆಕೆಂಡು ಇಳಿಸುವುದು ಬಾಕಿ ಇತ್ತು. ಅದಕ್ಕೊಂದು ಪುಕ್ಕಟೆ ಉಪಾಯವಿತ್ತು: ತಲೆಯನ್ನು ಭುಜಗಳ ನಡುವೆ ತಗ್ಗಿಸಿಬಿಡುವುದು. ಆದರೆ ಹಾಗೆ ಮಾಡಿದರೆ ಅವಳಿಗೆ ಮುಂದಿನ ಗಾಲಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಭಯಕ್ಕೆ ಮತ್ತೆ ಮತ್ತೆ ತಲೆ ಎತ್ತುತ್ತಿದ್ದಳು.

"ತಲಿ ಎತ್ತಬ್ಯಾಡ," ಎಂದೆ. "ರೋಡ್ ನಾ ನೋಡ್ತೀನಿ. ಏನರ ಬಂದ್ರ ಒದರ್ತೀನಿ."

ಬುಧವಾರ ಬೆಳಿಗ್ಗೆ ಮಾನ್ವಿಯಿಂದ ಚೀಕಲಪರ್ವಿ ಕಡೆ ಹೊರಟೆವು. ಅವಳ ಹಿಂದೆ ನಾನು ಸ್ಕೂಟರಿನಲ್ಲಿ. ಹ್ಯಾಂಡಲಿಗೆ ಕಟ್ಟಿದ ಮೊಬೈಲಿನಲ್ಲಿ ಸೆಕೆಂಡುಗಳು ಓಡುತ್ತಿದ್ದವು. ಹೋಗುವಾಗ ರಸ್ತೆ ಖಾಲಿ. ತಿರುಗಿ ಬರುವಷ್ಟರಲ್ಲಿ ಇಬ್ಬನಿ ಆರಿ ಬಿಸಿಲು ಬಿದ್ದಿತ್ತು. ಒಕ್ಕಿದ ಭತ್ತವನ್ನು ಒಣಗಿಸಲು ಜನ ಅರ್ಧ ರಸ್ತೆಗೆ ಹರಡಿ, ಅಂಚಿಗೆ ತಲೆಗಾತ್ರದ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದರು. ಪ್ರತಿ ವರ್ಷ ನೋಡುವುದೇ. ಆದರೆ ಆಗ ನಾನು ನೋಡುತ್ತಿದ್ದದ್ದು ಮೊಬೈಲು. ತಂಡ ಕೇಳುವ ಸಮಯಕ್ಕಿಂತ ಅವಳು ಹನ್ನೆರಡು ಸೆಕೆಂಡು ಮುಂದಿದ್ದಳು. ಆ ಹನ್ನೆರಡರಿಂದ ಕಣ್ಣು ಕೀಳಲಾಗಲಿಲ್ಲ.

ಹಾರ್ನು ಕೇಳಿ ತಲೆ ಎತ್ತಿದೆ. ಎದುರಿಗೆ ಹೊಟ್ಟು ತುಂಬಿದ ಲಾರಿ. ಈ ಬದಿಯಲ್ಲಿ ಭತ್ತದ ನಡುವೆ ಒಬ್ಬ ಮುದುಕಿ ಕಾಲಿನಿಂದ ಸಾಲು ಎಳೆಯುತ್ತ ನಿಂತಿದ್ದಳು. ತಂಗಿಯ ಕೈ ಬ್ರೇಕಿಗೆ ಬರುವ ಮೊದಲೇ ಗಾಲಿ ಕಲ್ಲಿಗೆ ಬಡಿಯಿತು. ಸೈಕಲ್ಲು ಭತ್ತದೊಳಗೆ ಹೋಯಿತು, ಅವಳು ಡಾಂಬರಿನ ಮೇಲೆ ಉಜ್ಜಿಕೊಂಡು ಲಾರಿಯ ಕಡೆಗೆ ಹೋದಳು. ಲಾರಿ ನಿಂತಿತು. ನಾನು ಕೂಗಿ ನಿಲ್ಲಿಸಿದ್ದಲ್ಲ, ಡ್ರೈವರೇ ಬ್ರೇಕ್ ಒತ್ತಿದ್ದ.

ಮುದುಕಿಯೇ ಅವಳನ್ನು ಎಬ್ಬಿಸಿ ಕೂರಿಸಿದಳು. ಮೊಣಕೈಯ ಚರ್ಮ ಕಿತ್ತು ರಕ್ತಕ್ಕೆ ಭತ್ತದ ಕಾಳು ಅಂಟಿದ್ದವು. ನನ್ನ ಕಡೆ ತಿರುಗಿ, "ಹಿಂದ ಗಾಡಿ ಮ್ಯಾಲ ಬರಾಕತ್ತಿದ್ದಾಕಿ ನೀನು, ನಿನಗರ ಕಣ್ಣು ಬ್ಯಾಡೇನಬೇ?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ತಂಗಿ ಹೇಳಿದಳು: "ಅಕ್ಕ ಒದರ್ಯಾಳ ಯವ್ವಾ. ಗಾಳ್ಯಾಗ ನನಗ ಕೇಳಿಲ್ಲ."

ನಾನು ಅದನ್ನು ತಿದ್ದಲಿಲ್ಲ. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸುವಾಗಲೂ, ಬಾಗಿದ ಕೊಳವೆಗಳನ್ನು ಅವಳು ನೆಟ್ಟಗೆ ಮಾಡಿಸಿಕೊಂಡು ಬಂದಾಗಲೂ ತಿದ್ದಲಿಲ್ಲ. ಶುಕ್ರವಾರ ಅವಳು ಅಂಗಡಿಯಿಂದ ಒಂದು ಸೀಟಿ ತಂದು ನನ್ನ ಕೊರಳಿಗೆ ಹಾಕಿದಳು.

"ನಾಳಿ ಕಡೀ ಪ್ರ್ಯಾಕ್ಟೀಸು. ಒದರಬ್ಯಾಡ, ಇದನ್ನ ಊದು. ಇದು ಖಂಡಿತ ಕೇಳ್ತದ."

ಆ ದಾರ ಕೊರಳಿಗೆ ಬಿದ್ದ ಮೇಲೆ ತಡೆಯಲಾಗಲಿಲ್ಲ. "ನಾ ಒದರೇ ಇಲ್ಲ," ಎಂದೆ. "ಮೊಬೈಲ್ ನೋಡಾಕತ್ತಿದ್ದೆ."

ಅವಳು ಮೊಣಕೈಯ ಪಟ್ಟಿಯ ಬಿಚ್ಚಿದ ಅಂಚನ್ನು ಉಗುರಿನಿಂದ ಒತ್ತಿ ಕೂರಿಸಿದಳು. ಆಮೇಲೆ ಕೇಳಿದ್ದು ಒಂದೇ: "ಎಷ್ಟು ಮುಂದಿದ್ದೆ?"

"ಹನ್ನೆರಡು ಸೆಕೆಂಡು."

ಶನಿವಾರ ಅವಳು ಸೈಕಲ್ ಮುಟ್ಟಲಿಲ್ಲ. ಭಾನುವಾರ ರಾಯಚೂರಿನ ಹೊರಗೆ, ಖಾಲಿ ಮಾಡಿಸಿದ ರಸ್ತೆಯ ಕೊನೆಯಲ್ಲಿ ನಾನು ನಿಂತಿದ್ದೆ. ದೂರದಲ್ಲಿ ಅವಳು ಕಂಡಳು. ಮೊಣಕೈ ಕೊಳವೆಗಳ ಮೇಲಿತ್ತು, ಬೆನ್ನು ಸಪಾಟಾಗಿತ್ತು. ತಲೆ ಮಾತ್ರ ನಾಲ್ಕು ತುಳಿತಕ್ಕೊಮ್ಮೆ ಮೇಲೇಳುತ್ತಿತ್ತು. ರಸ್ತೆಯಲ್ಲಿ ಏನೂ ಇರಲಿಲ್ಲ. ಆದರೂ ಏಳುತ್ತಿತ್ತು.

ಆರು ಸೆಕೆಂಡಿನಿಂದ ತಂಡ ತಪ್ಪಿತು.

ಬಸ್ ಸ್ಟ್ಯಾಂಡಿನಲ್ಲಿ ಸೈಕಲ್ಲಿನ ಗಾಲಿ ಬಿಚ್ಚುತ್ತ, ನನ್ನ ಮುಖ ನೋಡದೆ ಹೇಳಿದಳು: "ನಿನ್ನ ಮ್ಯಾಲ ಸಿಟ್ಟಿಲ್ಲಕ್ಕಾ. ತಲಿ ನಾ ಎತ್ತಲಿಲ್ಲ, ಅದು ತಾನ ಏಳ್ತಿತ್ತು."